ಬಾಲದಲ್ಲಿ ಒಂದು ಗರಿ ಕಡಿಮೆ

ಅವಿನಾಶಿ, ತಿರುಪ್ಪೂರು ಜಿಲ್ಲೆ,
18 ಜನವರಿ 2026, ಭಾನುವಾರ

ಇಲಕ್ಕಿಯಾಳ ಅಪ್ಪನಿಗೆ,

ಚಂದ್ರಾ ಮಾಡುವ ನಮಸ್ಕಾರಗಳು. ಮದುವೆಯಾದ ಹೊಸತರಲ್ಲಿ ತಾಳವಾಡಿಯ ತವರಿನಿಂದ ನಿಮಗೆ ಕಾಗದ ಹಾಕುತ್ತಿದ್ದಾಗ ಈ ಜಾಗದಲ್ಲಿ ಬೇರೇನೋ ಬರೆಯುತ್ತಿದ್ದೆ. ಇವತ್ತು ಅದನ್ನೇ ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಇಲಕ್ಕಿಯಾಳ ಅಪ್ಪ ಅನ್ನುವುದನ್ನು ಮಾತ್ರ ಯಾರೂ ಅಲ್ಲವೆನ್ನುವಂತಿಲ್ಲ. ಅದಕ್ಕೆ ಹಾಗೆ ಕರೆದಿದ್ದೇನೆ.

ಫೋನ್ ಮಾಡಿದರೆ ನೀವು ತೆಗೆಯುವುದಿಲ್ಲ. ತೆಗೆದರೂ ನನ್ನ ಬಾಯಿಂದ ಮಾತು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ಪೋತ್ತನೂರಿನ ಮನೆಯಲ್ಲಿ ಅತ್ತೆಯವರಾಗಲಿ ನಿಮ್ಮ ಅಣ್ಣನ ಮನೆಯವರಾಗಲಿ ಓದಲಾರರು. ಎಲ್ಲರೂ ಮನೆಯೊಳಗೆ ಕನ್ನಡ ಆಡುವವರೇ, ಅಕ್ಷರ ಬಲ್ಲವರು ನೀವೊಬ್ಬರೇ. ನಾನೇ ಕಲಿಸಿದ್ದು. ನೀವು ಅಕ್ಷರ ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದಿರಿ. 'ಳ' ಅಕ್ಷರ ನೀರಿಗಿಳಿದ ಬಾತುಕೋಳಿಯ ಹಾಗಿದೆ ಎಂದು ಅದಕ್ಕೊಂದು ಕಣ್ಣು ಇಟ್ಟಿದ್ದಿರಿ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಕ್ಷೇಮ ಸಮಾಚಾರ ಬರೆಯಬೇಕಲ್ಲ. ಪೊಂಗಲ್ ಆಯಿತು. ಗುರುವಾರ ಬೆಳಿಗ್ಗೆ ಬಾಗಿಲ ಮುಂದೆ ಚಿಕ್ಕದೊಂದು ರಂಗೋಲಿ ಹಾಕಿ, ಇಬ್ಬರಿಗಾಗುವಷ್ಟು ಅಕ್ಕಿ ಉಕ್ಕಿಸಿದೆ. ಇಲಕ್ಕಿಯಾ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಎತ್ತರವಾಗಿದ್ದಾಳೆ. ಆರನೇ ಕ್ಲಾಸಿಗೆಂದು ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮು ಈಗಲೇ ಗಿಡ್ಡವಾಗಿದೆ. ನಾನು ಮೊದಲಿನ ಹಾಗೆ ಮನೆಯಲ್ಲೇ ಕುಳಿತು ಬನಿಯನ್‌ಗಳ ಉಳಿಕೆ ನೂಲು ಕತ್ತರಿಸುತ್ತೇನೆ, ಬೇರೆ ಕಂಪೆನಿಯ ಮೂಟೆ ಬರುತ್ತದೆ. ನೀವು ಪೋತ್ತನೂರಿನಲ್ಲಿ ಬೋರ್ಡು ಬರೆಯುವ ಅಂಗಡಿ ಸೇರಿದ್ದೀರೆಂದು ಕೇಳಿದೆ. ಅಂಗಡಿಗಳ ಹೆಸರು, ಬಾಣದ ಗುರುತು, ಇಲ್ಲಿ ಗಾಡಿ ನಿಲ್ಲಿಸಬೇಡಿ ಅನ್ನುವ ಮಾತು, ಇವನ್ನು ಬರೆಯುತ್ತೀರಂತೆ. ಅದನ್ನು ಕೇಳಿದ ದಿನ ಕತ್ತರಿ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ.

ಇದೆಲ್ಲ ಸುತ್ತುಬಳಸಿನ ಮಾತು, ನಿಮಗೂ ಗೊತ್ತು. ಹೇಳಬೇಕಾದದ್ದಕ್ಕೆ ಬರುತ್ತೇನೆ. ಮೊದಲಿನಿಂದ ಹೇಳದಿದ್ದರೆ ಮತ್ತೆ ಎಲ್ಲಾದರೂ ಒಂದು ಕಡೆ ನುಣುಚಿಕೊಳ್ಳುತ್ತೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡಿ.

ಹೋದ ಜುಲೈನಲ್ಲಿ ಒಂದು ಸಂಜೆ ನೀವು ಕಂಪೆನಿಯಿಂದ ಬಂದವರು ಕಾಲು ಕೂಡ ತೊಳೆಯದೆ ನನ್ನನ್ನು ಕರೆದಿರಿ. ಅಷ್ಟು ಸಂತೋಷದಲ್ಲಿ ನಿಮ್ಮನ್ನು ಇಲಕ್ಕಿಯಾ ಹುಟ್ಟಿದ ದಿನ ನೋಡಿದ್ದೆ. ಅಮೆರಿಕದಲ್ಲಿ ಒಂದು ವಸ್ತುಸಂಗ್ರಹಾಲಯವಂತೆ, ಅದರ ಅಂಗಡಿಗೆ ಟೀ ಶರ್ಟು ಬೇಕಂತೆ. ಮುಂದಿನ ಜುಲೈಗೆ ಅವರ ದೇಶಕ್ಕೆ ಇನ್ನೂರೈವತ್ತು ವರ್ಷ ತುಂಬುವ ಹಬ್ಬ. ಶರ್ಟಿನ ಎದೆಯ ಮೇಲೆ ಹದ್ದು ಬೇಡ, ಕಾಡು ವಾನ್‌ಕೋಳಿ, ಅಂದರೆ ಟರ್ಕಿ ಕೋಳಿ, ಇರಲಿ ಎಂದಿದ್ದರು. ನಾಲ್ಕೈದು ಕಂಪೆನಿಗಳಿಂದ ಸ್ಯಾಂಪಲ್ ಕೇಳಿದ್ದರು, ಯಾರ ಹಕ್ಕಿ ಹಿಡಿಸುತ್ತದೋ ಅವರಿಗೆ ಆರ್ಡರು. ನಿಮ್ಮ ಕಂಪೆನಿಯ ಯಜಮಾನರು, ಮುದಲಾಳಿ ಸೆಲ್ಲಪ್ಪನ್ ಅವರು, ಆ ಹಕ್ಕಿಯನ್ನು ನಿಮ್ಮ ಕೈಗೆ ಒಪ್ಪಿಸಿದ್ದರು. ಹನ್ನೆರಡು ವರ್ಷ ಬನಿಯನ್‌ಗಳ ಮೇಲೆ ಅಚ್ಚಾಗುವ ಹೂವು, ಕಾರು, ಕಾರ್ಟೂನ್ ಬೆಕ್ಕು ಬರೆದವರಿಗೆ ಮೊದಲ ಸಲ ಜೀವ ಇರುವ ಒಂದನ್ನು ಬರೆಯುವ ಕೆಲಸ. ಅದರ ಮರುತಿಂಗಳು ಅಮೆರಿಕದವರು ನಮ್ಮ ದೇಶದ ಬಟ್ಟೆಯ ಮೇಲೆ ತೆರಿಗೆ ಏರಿಸಿದರು, ತಿರುಪ್ಪೂರಿನಲ್ಲಿ ಬಂದ ಆರ್ಡರುಗಳೆಲ್ಲ ಒಂದೊಂದಾಗಿ ನಿಂತವು. ಆಗ ಆ ಒಂದು ಹಕ್ಕಿಯ ಮೇಲೆ ಇಡೀ ಕಂಪೆನಿಯ ಜೀವ ಕುಳಿತಿತು.

ಅವರು ಕಳುಹಿಸಿದ ಫೋಟೋ ನಿಮಗೆ ಸಾಲಲಿಲ್ಲ. ಸೇವೂರು ರಸ್ತೆಯಲ್ಲಿ ವೆಲ್ಲಿಂಗಿರಿ ಅಯ್ಯನ ತೋಟದಲ್ಲಿ ವಾನ್‌ಕೋಳಿ ಸಾಕಿದ್ದಾರೆಂದು ತಿಳಿದು ಭಾನುವಾರ ಭಾನುವಾರ ಅಲ್ಲಿಗೆ ಹೋದಿರಿ. ಇಲಕ್ಕಿಯಾಳೂ ಜೊತೆಗೆ. ಅಯ್ಯ ನಮ್ಮ ಕನ್ನಡದವರೇ ಎಂದು ಗೊತ್ತಾದ ಮೇಲೆ ಮಜ್ಜಿಗೆ ಕೊಡದೆ ಕಳುಹಿಸುತ್ತಿರಲಿಲ್ಲವಂತೆ. ಆ ಮುದಿ ಗಂಡುಹಕ್ಕಿ ಸಿಟ್ಟು ಬಂದಾಗ ತಲೆಯನ್ನು ಕೆಂಪು ಮಾಡಿಕೊಳ್ಳುತ್ತದೆ, ಹೆದರಿದಾಗ ನೀಲಿ, ಉಬ್ಬಿ ನಿಂತಾಗ ನೆತ್ತಿಯೆಲ್ಲ ಬಿಳಿ. ಅಮೆರಿಕದವರ ಬಾವುಟದ ಮೂರು ಬಣ್ಣವೂ ಅದರ ತಲೆಯಲ್ಲೇ ಇದೆ ಎಂದು ನೀವು ಮನೆಗೆ ಬಂದು ಮಗುವಿನ ಹಾಗೆ ಹೇಳಿದಿರಿ. ಬೀಸಣಿಗೆಯಂಥ ಅದರ ಬಾಲದಲ್ಲಿ ಹದಿನೆಂಟು ಗರಿಗಳು ಇರಬೇಕಂತೆ, ಇದಕ್ಕೆ ಹದಿನೇಳೇ. ಯಾವುದೋ ನಾಯಿ ಹಿಡಿದಾಗ ಬುಡ ಸಮೇತ ಕಿತ್ತುಹೋದ ಜಾಗದಲ್ಲಿ ಮತ್ತೆ ಮೊಳೆಯಲೇ ಇಲ್ಲವೆಂದು ಅಯ್ಯ ಹೇಳಿದರಂತೆ. ನೀವು ಅದನ್ನು ಹಾಗೇ ಬರೆದಿರಿ, ಬಾಲದ ಎಡಗಡೆ ಒಂದು ಸಂದು ಬಿಟ್ಟು. ಆ ಸಂದಿನಿಂದಲೇ ಅದು ನಿಜವಾದ ಹಕ್ಕಿ ಅನಿಸುತ್ತದೆ ಎಂದಿರಿ.

ಅಮೆರಿಕದವರ ಫೋಟೋದ ಜೊತೆ ಶರ್ಟಿಗೆ ತೂಗುಹಾಕುವ ಚೀಟಿಯ ಬರಹವೂ ಬಂದಿತ್ತು. ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು, ಮೊಬೈಲಿನಲ್ಲಿ ಅರ್ಥ ಹುಡುಕಿ ಹುಡುಕಿ, ನಮ್ಮಿಬ್ಬರಿಗೂ ಅದನ್ನು ಬಿಡಿಸಿ ಹೇಳಿದಿರಿ. ಆ ದೇಶ ಹುಟ್ಟಿದ ಕಾಲದ ಫ್ರಾಂಕ್ಲಿನ್ ಅನ್ನುವ ಹಿರಿಯರು ಫ್ರಾನ್ಸ್‌ನಲ್ಲಿ ರಾಯಭಾರಿಯಾಗಿದ್ದಾಗ ಮಗಳಿಗೊಂದು ಪತ್ರ ಬರೆದಿದ್ದರಂತೆ. ಹದ್ದು ಬೇರೆ ಹಕ್ಕಿ ಹಿಡಿದ ಮೀನನ್ನು ಕಸಿದು ತಿನ್ನುವ ಜಾತಿ, ಅದಕ್ಕಿಂತ ವಾನ್‌ಕೋಳಿ ಮರ್ಯಾದೆಯ ಹಕ್ಕಿ, ಸ್ವಲ್ಪ ಜಂಭ ಇದ್ದರೂ ಧೈರ್ಯವುಳ್ಳದ್ದು ಎಂದು. ಅಷ್ಟೇ. ಅದನ್ನೇ ರಾಷ್ಟ್ರದ ಗುರುತು ಮಾಡಿ ಎಂದು ಅವರು ಯಾವ ಸಭೆಯಲ್ಲೂ ಕೇಳಲಿಲ್ಲವಂತೆ, ಜನ ಹಾಗೆ ಕಥೆ ಕಟ್ಟಿದರು. ಇನ್ನೂ ಒಂದು ವದಂತಿ ಇತ್ತಂತೆ, ಆ ಮನುಷ್ಯನೇ ಇಂಗ್ಲಿಷರ ಗೂಢಚಾರ ಎಂದು. ಆದರೆ ನಿಜವಾದ ಗೂಢಚಾರ ಅವರ ಜೊತೆಯಲ್ಲೇ ಇದ್ದ, ಅವರ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಗೆಳೆಯ. ಮನೆಯ ಗುಟ್ಟನ್ನೆಲ್ಲ ನಕಲು ಮಾಡಿ ಕಳುಹಿಸುತ್ತಿದ್ದ. ಅದು ಜಗತ್ತಿಗೆ ತಿಳಿಯಲು ನೂರು ವರ್ಷ ಹಿಡಿಯಿತಂತೆ.

ಇಲಕ್ಕಿಯಾ ಕೇಳಿದಳು, ಆ ತಾತನಿಗೆ ಕಡೆಗೂ ಗೊತ್ತಾಗಲಿಲ್ಲವಾ ಎಂದು. ನೀವು ಅವಳ ಜಡೆ ಎಳೆದು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಸಾಯೋವರೆಗೂ ಗೊತ್ತಾಗ್ಲಿಲ್ಲ ಪಾಪು. ಗೊತ್ತಾಗ್ದೆ ಇದ್ದದ್ದೇ ಒಳ್ಳೇದಾಯ್ತು. ಗೊತ್ತಾಗಿದ್ರೆ ಆಮೇಲೆ ಯಾರ ಜೊತೇಲಿ ಕೂತು ಉಣ್ಬೇಕಿತ್ತು ಅವ್ರು?"

ನಾನು ಆಗ ಒಳಗೆ ಹೋಗಿ ಒಲೆಯ ಮೇಲಿನ ಸಾರು ಕೆದಕಿದೆ. ಆ ಹೊತ್ತಿಗೆ ನಿಮ್ಮ ಹಕ್ಕಿಯ ಫೋಟೋ ಕಳುಹಿಸಿ ಎಂಟು ದಿನ ಕಳೆದಿತ್ತು.

ಹೌದು, ನಾನೇ ಕಳುಹಿಸಿದ್ದು. ಇದು ನಿಮಗೆ ಹೊಸದಲ್ಲ ಎಂದೂ ಬಲ್ಲೆ. ಆದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು. ನೀವು ಸ್ನಾನಕ್ಕೆ ಹೋಗಿದ್ದಾಗ ಹಲಗೆಯ ಮೇಲೆ ಆ ಹಕ್ಕಿ ಇತ್ತು. ಇನ್ನೇನು ಕೂಗಿಬಿಡುತ್ತದೆ ಅನ್ನುವ ಹಾಗೆ ಕತ್ತು ಚಾಚಿತ್ತು. ನನ್ನ ಗಂಡ ಇಂಥದನ್ನು ಬರೆದಿದ್ದಾರೆ ಎಂದು ಹೆಮ್ಮೆಯಾಯಿತು. ಫೋನಿನಲ್ಲಿ ಫೋಟೋ ತೆಗೆದು ನನ್ನ ತಮ್ಮ ರಾಜೇಂದ್ರನಿಗೆ ಕಳುಹಿಸಿದೆ. ಅವನೂ ತಿರುಪ್ಪೂರಿನಲ್ಲೇ ಬೇರೊಂದು ಕಂಪೆನಿಯ ಸ್ಯಾಂಪಲ್ ವಿಭಾಗದಲ್ಲಿದ್ದಾನೆ ಅನ್ನುವುದು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲಿಲ್ಲ.

ಸೆಪ್ಟೆಂಬರ್ ಹನ್ನೊಂದರಂದು ಅಮೆರಿಕದಿಂದ ಉತ್ತರ ಬಂತು. ನಿಮ್ಮ ಕಂಪೆನಿಯಿಂದಲೂ ಇನ್ನೊಂದು ಕಂಪೆನಿಯಿಂದಲೂ ಒಂದೇ ಹಕ್ಕಿ ಬಂದಿದೆ, ಯಾರು ಯಾರದನ್ನು ಕದ್ದರೋ ನಮಗೆ ತಿಳಿಯದು, ಇಬ್ಬರೂ ಬೇಡ ಎಂದು ಬರೆದಿದ್ದರು. ಎರಡು ಶರ್ಟಿನ ಫೋಟೋವನ್ನೂ ಇಟ್ಟಿದ್ದರು. ಆರ್ಡರು ಬೇರೆ ಯಾವುದೋ ದೇಶಕ್ಕೆ ಹೋಯಿತು. ಅದೇ ವಾರ ನಿಮ್ಮ ಕಂಪೆನಿಯಲ್ಲಿ ಮೂವತ್ತೆಂಟು ಜನರನ್ನು ಬರಬೇಡಿ ಅಂದರು. ಚೆಕಿಂಗ್ ಮೇಜಿನ ಗೋಮತಿ ಅಕ್ಕನೂ ಅದರಲ್ಲಿ ಒಬ್ಬಳು. ನಮ್ಮ ಪಕ್ಕದ ಮನೆಯವಳು, ಇಲಕ್ಕಿಯಾ ಹುಟ್ಟಿದಾಗ ಹತ್ತು ದಿನ ನನಗೆ ಬಿಸಿನೀರು ಎರೆದವಳು. ಎರಡೇ ದಿನದಲ್ಲಿ ನಮ್ಮ ಬೀದಿಯಲ್ಲೆಲ್ಲ ಒಂದೇ ಮಾತು, ಕಂಪೆನಿಯೊಳಗೆ ಒಬ್ಬ ಉಳವಾಳಿ ಇದ್ದಾನೆ ಎಂದು. ನಮ್ಮ ತಾಳವಾಡಿಯಲ್ಲಿ ಗೂಢಚಾರ ಅನ್ನುವುದಕ್ಕೆ ಇಲ್ಲಿಯವರ ಬಾಯಲ್ಲಿ ಈ ಮಾತು. ಮೊದಲು ಹೆಸರಿರಲಿಲ್ಲ. ಆಮೇಲೆ ಹೆಸರು ಬಂತು.

ಮುದಲಾಳಿ ನಮ್ಮಿಬ್ಬರನ್ನೂ ಕರೆಸಿದರು. ಆ ದಿನವನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಲೆಕ್ಕವಿಲ್ಲ. ಮೇಜಿನ ಮೇಲೆ ಎರಡು ಫೋಟೋ. ನಿಮ್ಮ ಕಂಪೆನಿಯದರಲ್ಲಿ ಹಕ್ಕಿಗೆ ಬಾಲ ಪೂರ್ತಿ ಇದೆ, ಇನ್ನೊಂದು ಕಂಪೆನಿಯದರಲ್ಲಿ ಎಡಗಡೆ ಒಂದು ಗರಿ ಕಡಿಮೆ. ಸ್ಯಾಂಪಲ್ ಕಳುಹಿಸುವ ಕೊನೆಯ ದಿನ ಮುದಲಾಳಿಯೇ ಊನವಾದ ಹಕ್ಕಿಯನ್ನು ಹಬ್ಬದ ಶರ್ಟಿಗೆ ಹಾಕಬಾರದೆಂದು ಹೇಳಿ ನಿಮ್ಮ ಕೈಯಲ್ಲಿ ಆ ಗರಿ ತುಂಬಿಸಿದ್ದರು. ಆ ಸಂಗತಿ ನನಗೆ ಆವತ್ತು ಅಲ್ಲಿಯೇ ತಿಳಿದದ್ದು. ಅಂದರೆ ಕಳುವಾದದ್ದು ಕಂಪೆನಿಯ ಚಿತ್ರವಲ್ಲ, ಮನೆಯಲ್ಲಿದ್ದ ಮೊದಲ ಚಿತ್ರ. ಮುದಲಾಳಿ ಕೂಗಾಡಲಿಲ್ಲ. ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ನಿಮ್ಮ ಹೆಸರು ಹಿಡಿದು, ಲೋಗನಾಥನ್ ಚಿತ್ರವನ್ನು ಮನೆಗೆ ತಂದಿದ್ದು ನಿಜವಾ ಅಂದರು. ನಿಜ ಅಂದೆ. ಮನೆಗೆ ಯಾರಾದರೂ ಬಂದಿದ್ದರಾ ಅಂದರು. ಇಲ್ಲ ಅಂದೆ. ನಿಮ್ಮವರು ಯಾರಾದರೂ ಬೇರೆ ಕಂಪೆನಿಯಲ್ಲಿ ಇದ್ದಾರಾ ಅಂದರು. ಇಲ್ಲ ಅಂದೆ.

ನೀವು ಆ ಫೋಟೋವನ್ನು ಕೈಗೆತ್ತಿಕೊಂಡು, ಗರಿ ಇಲ್ಲದ ಜಾಗದ ಮೇಲೆ ಹೆಬ್ಬೆರಳು ಇಟ್ಟು, ತಲೆಯೆತ್ತಿ ನನ್ನನ್ನು ನೋಡಿದಿರಿ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಅಲ್ಲೇ ಬಾಯಿಬಿಡುತ್ತಿದ್ದೆನೋ ಏನೋ. ಸಿಟ್ಟು ಇರಲಿಲ್ಲ. ಯಾರೋ ದೂರದಿಂದ ಕರೆದದ್ದು ಸರಿಯಾಗಿ ಕೇಳಿಸಲಿಲ್ಲ ಅನ್ನುವ ಹಾಗೆ ನೋಡಿದಿರಿ. ಆಮೇಲೆ ಕೇಳಿಸಿತು. ನಾನು ತಲೆ ತಗ್ಗಿಸಿದೆ. ತಗ್ಗಿಸಿ, ಯಾರೂ ಕೇಳದೆಯೇ, ಇವರು ಈಚೆಗೆ ಹೊರಗೆ ಹೋಗಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು ಎಂದು ಹೇಳಿದೆ.

ಆ ಫೋನು ವೆಲ್ಲಿಂಗಿರಿ ಅಯ್ಯನದು. ಹಕ್ಕಿ ಮೇವು ಬಿಟ್ಟಿದೆ ಎಂದು ಅಯ್ಯ ಮಾಡುತ್ತಿದ್ದದ್ದು. ನನಗೆ ಗೊತ್ತಿತ್ತು.

"ನಾನೇ ಕೊಟ್ಟೆ," ಅಂದಿರಿ ನೀವು ಮುದಲಾಳಿಗೆ. "ಇವಳನ್ನ ಏನೂ ಕೇಳ್ಬೇಡಿ. ಇವಳಿಗೆ ಗೊತ್ತಿಲ್ಲ."

ಯಾರಿಗೆ ಕೊಟ್ಟೆ, ಎಷ್ಟಕ್ಕೆ ಕೊಟ್ಟೆ ಎಂದು ಎಷ್ಟು ಕೇಳಿದರೂ ನೀವು ಬಾಯಿ ತೆರೆಯಲಿಲ್ಲ. ಮುದಲಾಳಿ ಕೊನೆಗೆ ನಿಮ್ಮ ಬಣ್ಣದ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹೋಗಲು ಹೇಳಿದರು. ಹೊರಗೆ ಗೇಟಿನ ಹತ್ತಿರ ನಿಂತಿದ್ದ ಟೈಲರ್ ಹೆಂಗಸರ ನಡುವೆ ನೀವು ಮುಂದೆ, ನಾನು ಹಿಂದೆ ನಡೆದು ಬಂದೆವು. ಯಾರೋ ನಿಮ್ಮ ಹಿಂದೆ ಉಗಿದರು. ನಾನು ಮುಖ ಮುಚ್ಚಿಕೊಂಡೆ. ಅವರೆಲ್ಲ ನನ್ನನ್ನು ಪಾಪ ಅಂದರು. ಉಳವಾಳಿಯನ್ನು ಕಟ್ಟಿಕೊಂಡ ಪಾಪದ ಹೆಂಗಸು ಎಂದು.

ಮನೆಗೆ ಬಂದು ನಾಲ್ಕು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡಿರಿ. ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ. ಚಪ್ಪಲಿ ಮೆಟ್ಟುವಾಗ ಒಂದೇ ಮಾತು ಹೇಳಿದಿರಿ.

"ಪಾಪುಗೆ ಏನೂ ಹೇಳ್ಬ್ಯಾಡ ಚಂದ್ರಾ. ಅವ್ಳಿಗೆ ನೀ ಬೇಕು."

ಇದಕ್ಕೆ ಮುಂದೆ ಬರೆಯುವ ಮೊದಲು ಎದ್ದು ನೀರು ಕುಡಿದು ಬಂದೆ. ಮೇಲೆ ಫೋಟೋದ ವಿಷಯ ಬರೆದದ್ದನ್ನು ಹೊಡೆದುಹಾಕಬೇಕೆಂದು ಪೆನ್ನು ಎತ್ತಿದೆ. ಬೇಡ, ಇರಲಿ. ನಾನು ನನಗೇ ಎಂಥ ಸುಳ್ಳು ಹೇಳಿಕೊಂಡು ಈ ನಾಲ್ಕು ತಿಂಗಳು ಬದುಕಿದೆ ಎಂದು ನಿಮಗೂ ತಿಳಿಯಲಿ. ನೀವು ಸ್ನಾನಕ್ಕೆ ಹೋಗಿರಲಿಲ್ಲ. ನನಗೆ ಹೆಮ್ಮೆಯೂ ಆಗಿರಲಿಲ್ಲ.

ಅದು ಭಾನುವಾರ. ನೀವೂ ಇಲಕ್ಕಿಯಾಳೂ ಸೇವೂರಿಗೆ ಹೋಗಿದ್ದಿರಿ. ಹತ್ತು ಗಂಟೆಗೆ ರಾಜೇಂದ್ರ ಬಂದ. ನೀವು ಅಮೆರಿಕದವರಿಗೆ ಹಕ್ಕಿ ಬರೆಯುತ್ತಿದ್ದೀರೆಂದು ನಾನೇ ಫೋನಿನಲ್ಲಿ ಹೇಳಿದ್ದೆ. ಅವನ ಕಂಪೆನಿಯವರೂ ಅದೇ ಆರ್ಡರಿಗೆ ಸ್ಯಾಂಪಲ್ ಕೊಡಬೇಕಿತ್ತು. ಇವನು ತಂದ ಚಿತ್ರವನ್ನೆಲ್ಲ ತಳ್ಳಿಹಾಕಿ, ಸೋಮವಾರ ಒಳ್ಳೆಯದು ತರದಿದ್ದರೆ ಮಂಗಳವಾರದಿಂದ ಬರಬೇಡ ಅಂದಿದ್ದರಂತೆ. ಅವನ ಹೆಂಡತಿಗೆ ಆಗ ಏಳು ತಿಂಗಳು. ನನ್ನ ಮುಂದೆ ಕುಕ್ಕುರು ಕುಳಿತು ಅತ್ತ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಎಂಟನೇ ಕ್ಲಾಸು ಬಿಟ್ಟು ಅವನಿಗೆ ಅನ್ನ ಕಲೆಸಿ ಹಾಕಿದವಳು ನಾನು. ಅವನು ಅತ್ತರೆ ನನಗೆ ಆ ಆರು ವರ್ಷದ ಮುಖವೇ ಕಾಣುತ್ತದೆ.

"ಒಂದೇ ಫೋಟೋ ಅಕ್ಕಾ. ಹಂಗೇ ಹಾಕಲ್ಲ, ನೋಡ್ಕೊಂಡು ಬೇರೆ ಬರೀತೀವಿ. ಭಾವನಿಗೆ ಗೊತ್ತೇ ಆಗಲ್ಲ."

ಅವನು ತೆಗೆಯಲಿಲ್ಲ. ಬೆಳಕು ಸರಿಯಿಲ್ಲ ಎಂದು ನಾನೇ ಹಲಗೆಯನ್ನು ಕಿಟಕಿಯ ಹತ್ತಿರ ತಂದಿಟ್ಟು ತೆಗೆದುಕೊಟ್ಟೆ. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೇ ಹಲಗೆಯನ್ನು ಮತ್ತೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಇಟ್ಟೆ, ಅದರ ಮೇಲಿದ್ದ ರಬ್ಬರ್ ಕೂಡ. ಹೆಮ್ಮೆಪಟ್ಟವರು ಹಾಗೆ ಮಾಡುವುದಿಲ್ಲ.

ರಾಜೇಂದ್ರನಿಗೂ ದಕ್ಕಲಿಲ್ಲ. ಅವರ ಕಂಪೆನಿಯವರೂ ಅವನನ್ನು ಹೊರಗೆ ಹಾಕಿದರು. ಹೆಂಡತಿ ಮಗು ಕರೆದುಕೊಂಡು ತಾಳವಾಡಿಗೆ ಹೋಗಿದ್ದಾನೆ. ಮಗು ಹೆಣ್ಣಂತೆ. ಅಕ್ಕನನ್ನು ಕರೆಯಬೇಕೆಂದು ಅವನಿಗೆ ಅನಿಸಿಲ್ಲ, ನಾನೂ ಹೋಗಲಿಲ್ಲ.

ಇನ್ನು ದೀವಳಿಗೆಯ ಮಾತು. ಇದನ್ನು ಬರೆಯದೆ ಬೇರೆ ಏನು ಬರೆದರೂ ಬರೆದ ಹಾಗಲ್ಲ. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಮಕ್ಕಳು ಇಲಕ್ಕಿಯಾಳನ್ನು ಉಳವಾಳಿಯ ಮಗಳು ಅನ್ನುತ್ತಿದ್ದರು. ಕೆಲಸ ಕಳೆದುಕೊಂಡವರ ಮಕ್ಕಳು ಅವಳ ಕ್ಲಾಸಿನಲ್ಲೇ ಮೂರು ಜನ. ಅವಳು ಮೊದಲು ಜಗಳವಾಡಿದಳು, ನಮ್ಮಪ್ಪ ಅಂಥವರಲ್ಲ ಎಂದು. ಒಂದು ದಿನ ತುಟಿ ಒಡೆದುಕೊಂಡು ಬಂದು ನನ್ನನ್ನು ಕೇಳಿದಳು, ಅಪ್ಪ ಹಾಗೆ ಮಾಡಿದ್ದು ನಿಜವಾ ಎಂದು. ನಾನು ಅಲ್ಲ ಅನ್ನಲಿಲ್ಲ. ಹೌದೂ ಅನ್ನಲಿಲ್ಲ. ನೀನು ಓದಿಕೊ ಹೋಗು ಅಂದೆ. ಮಕ್ಕಳಿಗೆ ಅಷ್ಟು ಸಾಕು. ಅವತ್ತಿನಿಂದ ಅವಳು ಜಗಳ ಬಿಟ್ಟಳು.

ನೀವು ಹಬ್ಬದ ದಿನ ಬೆಳಿಗ್ಗೆ ಬಂದಿರಿ. ಹೊಸ ಬಟ್ಟೆಯ ಕವರು, ಸುರುಸುರು ಬತ್ತಿಯ ಪೆಟ್ಟಿಗೆ, ಅತ್ತೆಯವರು ಮಾಡಿಕೊಟ್ಟ ಮುರುಕು. ಮೆಟ್ಟಿಲು ಹತ್ತದೆ ಬೀದಿಯಲ್ಲೇ ನಿಂತು ಅವಳನ್ನು ಕರೆದಿರಿ. ಗೋಮತಿ ಅಕ್ಕ ತನ್ನ ಬಾಗಿಲನ್ನು ಜೋರಾಗಿ ಹಾಕಿಕೊಂಡಳು. ಇಲಕ್ಕಿಯಾ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ನನ್ನ ಸೀರೆ ಹಿಡಿದು ನಿಂತು, ನಿಮಗೆ ಕೇಳಿಸಲೆಂದೇ ಹೇಳಿದಳು.

"ನಂಗೆ ಉಳವಾಳಿ ಅಪ್ಪ ಬ್ಯಾಡ. ಹೋಗಕ್ಕೆ ಹೇಳಮ್ಮ."

ನೀವು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಅನ್ನಬೇಕಾಗುತ್ತದೆ ಎಂದೇ ನೋಡಲಿಲ್ಲ, ನನಗೆ ಗೊತ್ತು. ಕವರನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಲ್ಲು ಹೇರಿ ಹೊರಟಿರಿ. ಬೀದಿಯ ತಿರುವಿನ ತನಕ ನಿಮ್ಮ ಬೆನ್ನನ್ನು ನೋಡುತ್ತ ನಿಂತಿದ್ದೆ. ಸುತ್ತ ಪಟಾಕಿ ಸದ್ದು. ಒಂದು ಮಾತು ಅಂದಿದ್ದರೆ ಸಾಕಿತ್ತು. ಅಪ್ಪನಲ್ಲ ಪಾಪು, ನಾನು, ಅಂದಿದ್ದರೆ. ಮಗುವಿಗೆ ಏನೂ ಹೇಳಬೇಡ ಎಂದು ನೀವೇ ಹೇಳಿದ್ದೀರಲ್ಲ ಎಂದು ಆ ಮಾತಿನ ಹಿಂದೆ ಅವಿತುಕೊಂಡೆ. ನೀವು ನನಗೆಂದು ಕೊಟ್ಟುಹೋದ ಮರೆ ಅದು. ಅದರಲ್ಲಿ ಮೂರು ತಿಂಗಳು ಬೆಚ್ಚಗೆ ಕುಳಿತಿದ್ದೆ.

ನಿಮ್ಮ ಮೇಲಿನ ಕಳಂಕ ತಾನಾಗಿ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಮರೆಯಲಿಲ್ಲ, ಬೆಳೆಯಿತು. ಹಕ್ಕಿಯನ್ನು ಮಾರಿ ಪೋತ್ತನೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ ಅಂದರು. ಮೊದಲಿನಿಂದಲೂ ಎಲ್ಲ ಡಿಸೈನೂ ಹೀಗೇ ಹೋಗುತ್ತಿತ್ತು ಅಂದರು. ಕಳೆದ ಸೋಮವಾರ ಇಲಕ್ಕಿಯಾಳ ಪುಸ್ತಕದ ಚೀಲ ಒಗೆಯಲೆಂದು ತೆಗೆದಾಗ, ನೀವು ಅವಳಿಗೆ ಬಿಡಿಸಿಕೊಡುತ್ತಿದ್ದ ಲೇಬಲ್ಲುಗಳೆಲ್ಲ ನೋಟ್‌ಬುಕ್ಕುಗಳ ಮೇಲಿಂದ ಹೋಗಿದ್ದವು. ಗುಬ್ಬಿ, ಮಿಂಚುಳ್ಳಿ, ಗೂಬೆ, ಒಂದನ್ನೂ ಬಿಟ್ಟಿರಲಿಲ್ಲ. ಅಂಟಿದ್ದ ಕಡೆ ಉಗುರಿನಿಂದ ಕೆರೆದು ಕಿತ್ತಿದ್ದಳು. ನಾನು ಅದನ್ನು ಹಿಡಿದು ಕುಳಿತೆ. ಮಗಳ ಕೈಯಲ್ಲಿ ನಾನು ಇದನ್ನು ಮಾಡಿಸಿದೆ ಅನಿಸಿತು.

ಶನಿವಾರ, ಅಂದರೆ ನಿನ್ನೆ, ಹಬ್ಬದ ರಜಾ ಮುಗಿಸಿ ಕಂಪೆನಿ ತೆಗೆದಿದ್ದರು. ಹೋದೆ. ಮುದಲಾಳಿಗೆ ಎಲ್ಲ ಹೇಳಿದೆ, ಹಲಗೆಯನ್ನು ಕಿಟಕಿಯ ಹತ್ತಿರ ಇಟ್ಟದ್ದನ್ನೂ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನನ್ನು ಬೈಯಲಿಲ್ಲ. ನಿಮ್ಮನ್ನು ಮತ್ತೆ ಕರೆಯಲು ಪ್ರಿಂಟಿಂಗ್ ವಿಭಾಗವೇ ಈಗಿಲ್ಲ, ಡಿಸೆಂಬರಿನಲ್ಲಿ ಮುಚ್ಚಿದೆ ಅಂದರು. ಯಾರು ಕೇಳಿದರೂ ಲೋಗನಾಥನ್ ಕೈ ಶುದ್ಧ ಎಂದು ಹೇಳುತ್ತೇನೆ, ಆದರೆ ಯಾರೂ ಬಂದು ಕೇಳುವುದಿಲ್ಲಮ್ಮ ಅಂದರು. ನಿಮ್ಮ ಬಣ್ಣದ ಪೆಟ್ಟಿಗೆಯನ್ನು ಕೇಳಿದೆ. ಎಲ್ಲಿ ಹೋಯಿತೋ ಅವರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ಗೋಮತಿ ಅಕ್ಕನ ಮನೆಗೆ ಹೋದೆ. ಒಳಗೆ ಕೂರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದೆ. ಇನ್ನೂ ಇಬ್ಬರು ಹೆಂಗಸರು ಇದ್ದರು, ಅವರಿಗೂ ಕೇಳಿಸಲೆಂದು ಗಟ್ಟಿಯಾಗಿಯೇ ಹೇಳಿದೆ. ಗೋಮತಿ ಅಕ್ಕ ನನ್ನನ್ನು ಹೊಡೆಯುತ್ತಾಳೆಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ ಕುಳಿತುಬಿಟ್ಟಳು.

"ನಾಲ್ಕು ತಿಂಗ್ಳು ದಿನಾ ದೀಪ ಹಚ್ಚಿ ಆ ಮನುಷ್ಯನ್ನ ಶಪಿಸಿದ್ನಲ್ಲೇ," ಅಂದಳು. "ಅದನ್ನ ಈಗ ಹೆಂಗೆ ವಾಪಸ್ ತಗೊಳ್ಳಲಿ?"

ನಿಮಗೆ ಈಚೆಗೆ ಮೈಗೆ ಹುಷಾರಿರಲಿಲ್ಲವಾ, ಏನಾದರೂ ಆಯಿತಾ ಎಂದು ಕೇಳಿ ಬರೆಯಲು ಹೇಳಿದಳು. ಕೇಳಿದ್ದೇನೆ.

ಈಗ ಬೀದಿಗೆಲ್ಲ ಗೊತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ನಾನು ಹೋದಾಗ ಮಾತು ನಿಂತಿತು. ದೀವಳಿಗೆಯ ದಿನ ನೀವು ಅಂಥ ಮೌನದ ನಡುವೆ ಒಬ್ಬರೇ ನಡೆದಿರಿ, ಅದೂ ತಪ್ಪು ಮಾಡದೆ. ಬಿಂದಿಗೆ ತುಂಬುವಷ್ಟು ಹೊತ್ತು ನಿಲ್ಲಲು ನನ್ನಿಂದಾಗಲಿಲ್ಲ.

ನಿಮ್ಮನ್ನು ಬನ್ನಿ ಎಂದು ಕರೆಯಲು ಈ ಕಾಗದವಲ್ಲ. ಕ್ಷಮಿಸಿ ಎಂದು ಬರೆದರೆ ನೀವು ಪರವಾಯಿಲ್ಲ ಅಂದುಬಿಡುತ್ತೀರಿ. ಏನೇ ಆದರೂ ಹಾಗೇ ಅನ್ನುವವರು ನೀವು, ಆ ಮಾತನ್ನು ಕೇಳುವ ಮುಖ ನನಗಿಲ್ಲ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಬೋರ್ಡು ಬರೆಯುವ ಕೆಲಸದ ನಡುವೆ, ಎಲ್ಲಾದರೂ ಒಂದು ಮೂಲೆಯಲ್ಲಿ, ಆಗಾಗ ಒಂದು ಹಕ್ಕಿ ಬರೆಯಿರಿ. ನನ್ನಿಂದ ಆ ಕೈ ನಿಂತುಹೋಯಿತು ಅನ್ನುವುದೊಂದನ್ನು ನಾನು ಹೊರಲಾರೆ. ಉಳಿದದ್ದನ್ನೆಲ್ಲ ಹೇಗೋ ಹೊರುತ್ತೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಬೇಡಿ. ಅವರು ಕೇಳಿದರೆ, ಸೊಸೆ ಬರೆದಿದ್ದಾಳೆ, ಚೆನ್ನಾಗಿದ್ದಾಳೆ ಅನ್ನಿ.

ಇಂತು, ನಿಮ್ಮನ್ನು ಮನೆಯೊಳಗಿನಿಂದಲೇ ಹಿಡಿದುಕೊಟ್ಟವಳು,
ಚಂದ್ರಾ

ಮತ್ತೊಂದು ಮಾತು: ಇದನ್ನು ಅಂಚೆಗೆ ಹಾಕುತ್ತಿಲ್ಲ. ಮಧ್ಯಾಹ್ನ ಇಲಕ್ಕಿಯಾಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕಡೆಯವರೆಗೆ ಓದಿದೆ. ಅವಳಿಗೆ ಈ ಅಕ್ಷರ ಬಾರದಲ್ಲ, ಬೇಕಾದರೆ ನಾನು ನಾಲ್ಕು ಸಾಲು ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ಅವಳು ಅಳಲಿಲ್ಲ. ದೀವಳಿಗೆ ದಿನ ಅಪ್ಪನಿಗೆ ಇದೆಲ್ಲ ಗೊತ್ತಿತ್ತಾ ಎಂದಷ್ಟೇ ಕೇಳಿದಳು. ಗೊತ್ತಿತ್ತು ಅಂದೆ. ಎದ್ದು ಹೋಗಿ ಚೀಲಕ್ಕೆ ಬಟ್ಟೆ ತುಂಬಿಕೊಂಡಳು, ನೀವು ಮೆಟ್ಟಿಲ ಮೇಲೆ ಬಿಟ್ಟುಹೋದ ಆ ಹೊಸ ಬಟ್ಟೆಯನ್ನೂ. ಆಮೇಲೆ ನನ್ನೊಂದಿಗೆ ಮಾತಾಡಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಪೋತ್ತನೂರಿಗೆ ಕರೆದುಕೊಂಡು ಬರುತ್ತೇನೆ. ಮನೆಯ ತನಕ ನೀ ಬರಬೇಡ ಎಂದು ಒಂದು ಚೀಟಿಯಲ್ಲಿ ತಮಿಳಿನಲ್ಲಿ ಬರೆದು ಇಟ್ಟಿದ್ದಾಳೆ. ಬಸ್ ನಿಲ್ದಾಣದಲ್ಲೇ ನಿಲ್ಲುತ್ತೇನೆ, ಕಾಗದವನ್ನು ಅವಳೇ ಕೊಡುತ್ತಾಳೆ. ಈಚೆಗೆ ಮಲಗುವ ಹೊತ್ತಿಗೆ ಅವಳಿಗೆ ಮೊಣಕಾಲು ನೋಯುತ್ತದೆ, ಬೆಳೆಯುವ ನೋವಂತೆ. ಸ್ವಲ್ಪ ಎಣ್ಣೆ ಬಿಸಿ ಮಾಡಿ ತಿಕ್ಕಿ. ಶಾಲೆಗೆ ನಾಲ್ಕು ದಿನದ ರಜಾ ಚೀಟಿ ಬರೆದಿದ್ದೇನೆ. ನಾಲ್ಕು ಎಂದು ಬರೆದದ್ದು ನಾನು. ಎಷ್ಟು ದಿನ ಎಂದು ಅವಳು ಹೇಳಲಿಲ್ಲ.